"ಇದರಾಗ ಗ್ವಾಡಿ ಎಲ್ಲೈತಿ?": ಮಳೆಗಾಲಕ್ಕೆ ನಮ್ಮ ಮನೆ, ನಮ್ಮ ಓಣಿ ತಯಾರಾಗೋದು ಹೇಗೆ

ಕಳೆದ ವರ್ಷ ಮಳೆಗಾಲಕ್ಕೆ ಮೊದಲು ಮೊಬೈಲ್‌ಗೆ ಒಂದು ಪಟ್ಟಿ ಬಂತು. ವಿಪತ್ತು ಬಂದರೆ ಮನೆಯಲ್ಲಿ ಏನೇನು ಇರಬೇಕು ಅನ್ನೋ ಪಟ್ಟಿ. ಟಾರ್ಚು, ಸೀಟಿ, ಡಬ್ಬಿ ಮೀನು, ಮಲಗುವ ಚೀಲ, ಜೊತೆಗೆ ಭೂಕಂಪ ಆದರೆ ಮೇಜಿನ ಕೆಳಗೆ ಕೂರುವ ಚಿತ್ರ. ರೋಣದ ಕಡೆ ಇರುವ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಕೂತು ಅದನ್ನು ಅವ್ವನಿಗೆ ಓದಿ ಹೇಳಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು: "ಎಲ್ಲಾ ಖರೆ. ಇದರಾಗ ಗ್ವಾಡಿ ಎಲ್ಲೈತಿ?"

ಆ ಪಟ್ಟಿ ಬರೆದವರು ಮಣ್ಣಿನ ಗೋಡೆ ನೋಡಿದವರಲ್ಲ. ಬೆಣ್ಣಿಹಳ್ಳ ನೋಡಿದವರಲ್ಲ. ಏಪ್ರಿಲ್ ತಿಂಗಳ ಸಂಜೆ ಎರೆ ಹೊಲದ ನಡುವೆ ಸಿಡಿಲಿಗೆ ಸಿಕ್ಕವರೂ ಅಲ್ಲ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಜೀವ ಹೋಗುವುದು ಹೆಚ್ಚಾಗಿ ಈ ಮೂರರಿಂದ. ಮೂರಕ್ಕೂ ಸಾಮಾನಿಗಿಂತ ಮೊದಲು ಬೇಕಾದದ್ದು ಒಂದು ಗುರುತು. ಯಾವುದು ಕಂಡರೆ, ಯಾವುದು ಕೇಳಿದರೆ ನಾವು ಎದ್ದು ಹೊರಡಬೇಕು? ಇದನ್ನು ಬಿಸಿಲಿರುವಾಗಲೇ ತೀರ್ಮಾನ ಮಾಡಿಟ್ಟುಕೊಳ್ಳಬೇಕು. ಮಳೆ ಸುರಿಯುವ ರಾತ್ರಿ ಎರಡು ಗಂಟೆಗೆ ಯಾರಿಗೂ ತಲೆ ಓಡುವುದಿಲ್ಲ. ಆಗ ಎಲ್ಲರೂ "ಇನ್ನೊಂದು ತಾಸು ನೋಡೂಣು" ಅನ್ನುವವರೇ.

ಗೋಡೆಯಿಂದಲೇ ಶುರು ಮಾಡೋಣ.

ಮಣ್ಣಿನ ಮನೆ ಕೆಟ್ಟದ್ದೇನಲ್ಲ. ಬೇಸಿಗೆಯಲ್ಲಿ ಗದಗದ ಬಿಸಿಲಿಗೆ ಅದರಷ್ಟು ತಂಪಾದ ಮನೆ ಇನ್ನೊಂದಿಲ್ಲ. ಆದರೆ ಒಣಗಿದ ಮಣ್ಣಿನ ಗೋಡೆ ಹೊರುವ ಭಾರವನ್ನು ನೆನೆದ ಮಣ್ಣಿನ ಗೋಡೆ ಹೊರಲಾರದು. ಅದೇ ಹೊತ್ತಿಗೆ ಮೇಲಿನ ಭಾರ ಹೆಚ್ಚಾಗುತ್ತದೆ. ಒಂದು ಲೆಕ್ಕ ನೋಡಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. 20 ಅಡಿ ಉದ್ದ, 15 ಅಡಿ ಅಗಲದ ಮಾಳಿಗೆ (ಮಣ್ಣು ಹಾಕಿದ ಚಪ್ಪಟೆ ಛಾವಣಿ) ಸುಮಾರು 28 ಚದರ ಮೀಟರ್. ಅದರ ಮೇಲೆ 100 ಮಿ.ಮೀ. ಮಳೆ ಬಿದ್ದರೆ 2,800 ಲೀಟರ್, ಅಂದರೆ 28 ಕ್ವಿಂಟಲ್. ದೋಣಿಯಿಂದ, ಅಂದರೆ ಮಾಳಿಗೆಯ ನೀರು ಹೊರಗೆ ಬೀಳುವ ಕೊಳವೆಯಿಂದ, ಹೆಚ್ಚಿನದೆಲ್ಲ ಹರಿದು ಹೋಯಿತು, ಕಾಲು ಭಾಗ ಮಾತ್ರ ಮಣ್ಣು ಕುಡಿಯಿತು ಅಂದುಕೊಳ್ಳಿ. ಆಗಲೂ ಏಳು ಚೀಲ ಜೋಳ ಮಾಳಿಗೆ ಮೇಲೆ ಏರಿಸಿದ ಹಾಗೆ. ಕೆಳಗೆ ನೋಡಿದರೆ ಗೋಡೆಯ ಬುಡ ಮೂರು ದಿನದಿಂದ ನೆನೆಯುತ್ತಿದೆ.

ಇದರ ಮೇಲೆ ಎರೆ ಮಣ್ಣಿನ ಕಾಟ. ನರಗುಂದ, ನವಲಗುಂದದ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಬುನಾದಿ ಪ್ರತಿ ವರ್ಷ ಒಂಚೂರು ಏಳುತ್ತದೆ, ಒಂಚೂರು ಇಳಿಯುತ್ತದೆ. ಸಿಮೆಂಟ್ ಗಿಲಾವು ಮಾಡಿದ ಗೋಡೆಯಲ್ಲೂ ಬಿರುಕು ಬರುವುದು ಇದಕ್ಕೇ. ಮಣ್ಣಿನ ಗೋಡೆಗೆ ಹೊರಗಿನಿಂದ ಮಾತ್ರ ಸಿಮೆಂಟ್ ಬಳಿದರೆ ಒಳಗೆ ಹೊಕ್ಕ ನೀರು ಹೊರಗೆ ಬರುವುದಿಲ್ಲ. ನೋಡಲು ಗೋಡೆ ಗಟ್ಟಿ, ಒಳಗೆ ರಾಡಿ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಹಸ್ತ ಮಳೆ ನೆನಪಿದೆಯಲ್ಲ? ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಹೊಳೆಯಲ್ಲಿ ಕೊಚ್ಚಿ ಹೋದವರಷ್ಟೇ ಅಲ್ಲ, ಮನೆಯೊಳಗೆ ಮಲಗಿದ್ದವರ ಮೇಲೆ ಗೋಡೆ ಬಿದ್ದು ಸತ್ತವರೂ ಬಹಳ. ಹೊಳೆಯಿಂದ ಹತ್ತು ಮೈಲಿ ದೂರ ಇದ್ದವರು "ನಮಗೇನು ನೆರೆ ಬರಲ್ಲ" ಅಂತ ನಿಶ್ಚಿಂತೆಯಿಂದ ಮಲಗುತ್ತಾರೆ. ಆದರೆ ಜಿಟಿಜಿಟಿ ಮಳೆಗೆ ಹೊಳೆ ಬೇಕಾಗಿಲ್ಲ.

ಗೋಡೆ ಸುಮ್ನೆ ಬೀಳುವುದಿಲ್ಲ, ಹೇಳಿಯೇ ಬೀಳುತ್ತದೆ. ಮೊದಲು ಜಂತಿ ಸಂದಿಯಿಂದ ಮಣ್ಣು ಉದುರುತ್ತದೆ. ನಿನ್ನೆ ಸರಾಗವಾಗಿ ಹಾಕುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಗೋಡೆ ನಡುವೆ ಹೊಟ್ಟೆ ಬಿಟ್ಟಂತೆ ಕಾಣುತ್ತದೆ. ತೊಲೆ ರಾತ್ರಿ ಕಿರ್ ಅನ್ನುತ್ತದೆ. ಹಳೆಯ ಬಿರುಕು ಬೆಳೆಯುತ್ತಿದೆಯಾ ಇಲ್ಲವಾ ಅಂತ ನೋಡಲು ಒಂದು ಸುಲಭ ಉಪಾಯ ಇದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಬಿರುಕಿನ ಮೇಲೆ ಅಡ್ಡಲಾಗಿ ಒಂದು ಚಿಟಿಕೆ ಸುಣ್ಣ ಬಳಿಯಿರಿ. ಬಿರುಕು ಗೆರೆ ದಾಟಿದರೆ ಅಥವಾ ಸುಣ್ಣ ಸೀಳಿದರೆ ಆ ಕೋಣೆಯಲ್ಲಿ ಆ ರಾತ್ರಿ ಯಾರೂ ಮಲಗಬಾರದು. ವಾದ ಬೇಡ, ಚರ್ಚೆ ಬೇಡ. ಇದು ಹೊರಡುವ ಗುರುತು.

ಮಳೆ ನಿಂತ ಮೇಲೂ ಒಂದೆರಡು ದಿನ ಇದೇ ಎಚ್ಚರ ಬೇಕು. ಹೊರಗೆ ಬಿಸಿಲು ಬಿದ್ದಿರುತ್ತದೆ, ಗೋಡೆಯೊಳಗಿನ ನೀರು ಇನ್ನೂ ಇಳಿದಿರುವುದಿಲ್ಲ. ಪಕ್ಕದಲ್ಲಿ ಯಾರೂ ಇಲ್ಲದ ಹಾಳು ಮನೆ ಇದ್ದರೆ ಅದರ ಗೋಡೆಯನ್ನೂ ನಿಮ್ಮದೇ ಅಂತ ಲೆಕ್ಕ ಹಿಡಿಯಿರಿ. ಅದರ ಮಾಳಿಗೆ ಮೇಲೆ ವರ್ಷಾನುಗಟ್ಟಲೆ ಯಾರೂ ಮಣ್ಣು ಹಾಕಿಲ್ಲ, ದೋಣಿ ಕಟ್ಟಿಕೊಂಡಿರುತ್ತದೆ, ಬೀಳುವುದು ನಿಮ್ಮ ಹಾಸಿಗೆ ಮೇಲೆ. ಪಂಚಾಯತಿಗೆ ಬೇಸಿಗೆಯಲ್ಲೇ ಅರ್ಜಿ ಕೊಟ್ಟು ಅದರ ಫೋಟೊ ಇಟ್ಟುಕೊಳ್ಳುವುದು ಒಳ್ಳೆಯದು.

ನೆಲದ ಮಾತು ಬಂತು ಅಂತ ಇನ್ನೊಂದು ಹೇಳಿಬಿಡುತ್ತೇನೆ. ಹಳೆಯ ಊರುಗಳಲ್ಲಿ ಮನೆಯ ಕೆಳಗೆ, ಓಣಿಯ ಕೆಳಗೆ ಜೋಳ ತುಂಬಿಡುವ ಹಗೇವು ಇರುತ್ತಿದ್ದವು. ನರಗುಂದದಲ್ಲಿ ಕೆಲವು ವರ್ಷಗಳ ಹಿಂದೆ ಮನೆಯೊಳಗೆ, ರಸ್ತೆಯಲ್ಲಿ ನೆಲ ದಿಢೀರ್ ಕುಸಿದಾಗ ಹಳೆಯ ಹಗೇವುಗಳ ಮಾತು ಮತ್ತೆ ಬಂತು. ನಿಮ್ಮ ಮನೆಯ ಹಗೇವು ಎಲ್ಲಿತ್ತು ಅಂತ ಹಿರಿಯರನ್ನು ಈಗಲೇ ಕೇಳಿಟ್ಟುಕೊಳ್ಳಿ. ಮುಚ್ಚಿದ ಹಗೇವಿನೊಳಗೆ ಯಾರೂ ಇಳಿಯಬೇಡಿ. ಅಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿದರೆ ಇಬ್ಬರೂ ಹೋಗುತ್ತಾರೆ.

ನೀರು ಎರಡು ಥರ ಬರುತ್ತದೆ

ಇದು ಅರ್ಥವಾದರೆ ನೆರೆಯ ಅರ್ಧ ಲೆಕ್ಕ ಅರ್ಥವಾದ ಹಾಗೆ. ಒಂದು ದೂರದ ನೀರು, ಇನ್ನೊಂದು ಹತ್ತಿರದ ನೀರು.

ಮಲಪ್ರಭೆ ಹುಟ್ಟುವುದು ಖಾನಾಪುರದ ಕಣಕುಂಬಿಯಲ್ಲಿ. ಮುಳುಗುವುದು ನರಗುಂದ ತಾಲ್ಲೂಕಿನ ಕೊಣ್ಣೂರ, ಲಖಮಾಪುರ, ರೋಣ ತಾಲ್ಲೂಕಿನ ಹೊಳೆಆಲೂರಿನ ಸುತ್ತಮುತ್ತ. ವರದೆ ಹುಟ್ಟುವುದು ಸಾಗರದ ಹತ್ತಿರ, ಉಕ್ಕುವುದು ಹಾನಗಲ್ಲ, ಸವಣೂರ, ಹಾವೇರಿ ತಾಲ್ಲೂಕುಗಳಲ್ಲಿ. ಹಾವೇರಿಯಲ್ಲಿ ಬಿಸಿಲಿದ್ದಾಗಲೂ ವರದೆ ಏರುತ್ತದೆ. ಮಳೆ ನಮ್ಮದಲ್ಲ, ನೀರು ಮಾತ್ರ ನಮ್ಮದು. ಇದರಲ್ಲಿ ಒಂದು ಒಳ್ಳೆಯದಿದೆ: ಸಮಯ ಸಿಗುತ್ತದೆ. ಮೇಲೆ ಮಳೆಯಾಗಿ ಇಲ್ಲಿ ನೀರು ಏರುವ ನಡುವೆ ತಾಸುಗಳು, ಒಮ್ಮೊಮ್ಮೆ ಒಂದೆರಡು ದಿನವೂ ಸಿಗಬಹುದು.

ಮಲಪ್ರಭೆಗಾದರೆ ನಡುವೆ ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟು ಇದೆ. ಅದರ ಪೂರ್ತಿ ಮಟ್ಟ 2,079.5 ಅಡಿ, ಹಿಡಿಯುವ ನೀರು 37.73 ಟಿಎಂಸಿ. ಪತ್ರಿಕೆಯಲ್ಲಿ ದಿನಾ ಈ ಸಂಖ್ಯೆ ಬರುತ್ತದೆ, ನಾವು ದಾಟಿ ಕ್ರಿಕೆಟ್ ಪುಟಕ್ಕೆ ಹೋಗುತ್ತೇವೆ. ಇದನ್ನು ಓದುವುದು ಕಷ್ಟವೇನಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್, ಅಂದಾಜು ಎರಡು ಕೊಡ. ಹತ್ತು ಸಾವಿರ ಕ್ಯೂಸೆಕ್ ಅಂದರೆ ಸೆಕೆಂಡಿಗೆ ಇಪ್ಪತ್ತು ಸಾವಿರ ಕೊಡ. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಒಂದು ದಿನ ಪೂರ್ತಿ 11,500 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ ಆಗುತ್ತದೆ. ಅಣೆಕಟ್ಟು ಅರ್ಧ ಖಾಲಿ ಇದ್ದಾಗ ಮೇಲಿನಿಂದ ಎಷ್ಟು ಬಂದರೂ ಅದು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ತುಂಬಿದ ಮೇಲೆ ಬಂದಷ್ಟನ್ನೂ ಕೆಳಗೆ ಬಿಡಲೇಬೇಕು. 2019ರ ಆಗಸ್ಟ್‌ನಲ್ಲಿ ಆದದ್ದು ಇದೇ. ಹಾಗಾಗಿ "ಡ್ಯಾಮ್ ತುಂಬೈತಿ, ಬಾಗಿನ ಬಿಡತಾರ" ಅಂತ ಖುಷಿಯಾಗುವ ದಿನವೇ ನದಿ ದಂಡೆಯವರು ದನ ಎಲ್ಲಿಗೆ ಹೊಡೆಯಬೇಕು ಅಂತ ಯೋಚಿಸುವ ದಿನ. ಕೆಳಗೆ ನದಿಯ ಪಾತ್ರ ಹೂಳು, ಜಾಲಿ ಕಂಟಿ, ಒತ್ತುವರಿಯಿಂದ ಕಿರಿದಾಗಿದೆ. ಮೊದಲು ಸರಾಗ ಹೋಗುತ್ತಿದ್ದ ನೀರೇ ಈಗ ಹೊಲಕ್ಕೆ, ಮನೆಗೆ ಹೊಗುತ್ತದೆ.

ಇನ್ನು ಹತ್ತಿರದ ನೀರು. ಬೆಣ್ಣಿಹಳ್ಳ ಶಿಗ್ಗಾವಿ ತಾಲ್ಲೂಕಿನ ದುಂಡಶಿ ಕಡೆಯಿಂದ ಹೊರಟು ಕುಂದಗೋಳ, ನವಲಗುಂದ ಹಾದು ರೋಣ ತಾಲ್ಲೂಕಿನಲ್ಲಿ ಮಲಪ್ರಭೆ ಸೇರುತ್ತದೆ. ತುಪ್ಪರಿಹಳ್ಳ ಅದಕ್ಕೆ ಬಂದು ಕೂಡುತ್ತದೆ. ಹೆಸರಲ್ಲಿ ಬೆಣ್ಣೆ, ತುಪ್ಪ. ಮಳೆ ಬಂದಾಗಿನ ಗುಣ ಬೇರೆ. ಬೇಸಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟುವ ಹಳ್ಳ ಎರಡು ತಾಸಿನ ಮಳೆಗೆ ಸೇತುವೆ ಮೇಲೆ ಹರಿಯುತ್ತದೆ. ಇಲ್ಲಿ ಅಣೆಕಟ್ಟಿಲ್ಲ, ಪತ್ರಿಕೆಯ ಸಂಖ್ಯೆ ಇಲ್ಲ, ಡಂಗುರ ಸಾರುವಷ್ಟು ಪುರುಸೊತ್ತೂ ಇಲ್ಲ. ಸೇತುವೆ ಆಚೆ ಹೊಲಕ್ಕೆ ಹೋದವರು ಸಂಜೆ ಬರುವ ಹೊತ್ತಿಗೆ ದಾರಿ ಇರುವುದಿಲ್ಲ.

ಅಲ್ಲಿ ಜೀವ ಹೋಗುವುದು ಒಂದೇ ಮಾತಿಗೆ: "ಮೊಣಕಾಲ ತನಕ ಅದ, ದಾಟೂಣು." ಹರಿಯುವ ನೀರಿಗೆ ಅರ್ಧ ಅಡಿ ಇದ್ದರೂ ನಿಂತ ಮನುಷ್ಯನ ಕಾಲು ತಪ್ಪಿಸುವ ಶಕ್ತಿ ಇದೆ. ಎರಡು ಅಡಿ ಇದ್ದರೆ ಕಾರನ್ನೇ ತೇಲಿಸಿಬಿಡುತ್ತದೆ. ಕೆಸರು ನೀರಿನಲ್ಲಿ ಸೇತುವೆ ಇದೆಯೋ, ಕೊಚ್ಚಿ ಹೋಗಿದೆಯೋ ಕಾಣುವುದಿಲ್ಲ. ನಮ್ಮ ಊರಿನ ಹಿರಿಯರು ಸೇತುವೆಯ ಪಕ್ಕದ ಕಲ್ಲಿಗೆ ಬಿಳಿ ಬಣ್ಣ ಹೊಡೆದಿದ್ದಾರೆ. ಆ ಕಲ್ಲು ಮುಳುಗಿದರೆ ಯಾರೂ ದಾಟುವಂತಿಲ್ಲ, ಆಚೆ ಇರುವವರು ಆಚೆಯೇ. ಅದಕ್ಕಾಗಿ ಆಚೆ ದಂಡೆಯ ಎತ್ತರದ ಹೊಲದ ಗುಡಿಸಲಿನಲ್ಲಿ ಒಂದು ಡಬ್ಬಿ ಅವಲಕ್ಕಿ, ಬೆಲ್ಲ, ಒಂದು ಕಂಬಳಿ, ಬೆಂಕಿಪೊಟ್ಟಣ ಇಟ್ಟಿರುತ್ತಾರೆ. ಅಲ್ಲಿ ಹಸಿವು ತಡೆಯಲು ಏನಾದರೂ ಇದ್ದರೆ ದಾಟುವ ಅವಸರ ಕಡಿಮೆಯಾಗುತ್ತದೆ. ನಾನು ನೋಡಿದ ಮುನ್ನೆಚ್ಚರಿಕೆಗಳಲ್ಲಿ ಇದೇ ಅತ್ಯಂತ ಜಾಣತನದ್ದು.

ಹವಾಮಾನ ಇಲಾಖೆಯ ಬಣ್ಣದ ಬಗ್ಗೆ ಎರಡು ಮಾತು. ಹಳದಿ ಅಂದರೆ ಗಮನ ಇರಲಿ, ಕಿತ್ತಳೆ ಅಂದರೆ ತಯಾರಾಗಿ, ಕೆಂಪು ಅಂದರೆ ಈಗಲೇ ಕೆಲಸ ಶುರು ಮಾಡಿ. ಅವರ ಭಾಷೆಯಲ್ಲಿ ಒಂದು ದಿನಕ್ಕೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6ರಿಂದ 204.4ರ ತನಕ ಅತಿ ಭಾರಿ. ಗದಗ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವುದೇ 600 ಮಿ.ಮೀ. ಆಸುಪಾಸು. ವರ್ಷದ ಮಳೆಯ ಆರನೇ ಒಂದು ಭಾಗ ಒಂದೇ ದಿನ ಬಿದ್ದರೆ ಏನಾಗುತ್ತದೆ ಅಂತ ಮೇಲಿನ ಮಾಳಿಗೆ ಲೆಕ್ಕವನ್ನೇ ಮತ್ತೊಮ್ಮೆ ನೋಡಿ. ನಿಮ್ಮ ಪಂಚಾಯತಿಯಲ್ಲಿ ಎಷ್ಟು ಮಳೆಯಾಗಿದೆ, ನಾಳೆ ಹೇಗಿದೆ ಅಂತ ಕೇಳಲು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣಮಿತ್ರ' ಇದೆ: 92433 45433. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು.

ಎರೆ ಹೊಲದಲ್ಲಿ ಸಿಡಿಲು

ಮಲೆನಾಡಿನಲ್ಲಿ "ಮರದ ಕೆಳಗೆ ನಿಲ್ಲಬೇಡಿ" ಅಂದರೆ ಸಾಕು. ನವಲಗುಂದದ ಎರೆ ಬಯಲಲ್ಲಿ ನಿಲ್ಲಲು ಮರವೇ ಇಲ್ಲ. ಮೈಲಿಗಟ್ಟಲೆ ಚಪ್ಪಟೆ ನೆಲ, ನಡುವೆ ಒಂದು ಬೇವಿನ ಮರ ಅಥವಾ ಒಬ್ಬ ಮನುಷ್ಯ. ಸಿಡಿಲಿಗೆ ಎತ್ತರದ್ದೇ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಪಡುವಣ ಕಪ್ಪಾದರೆ ಕುರಿ ಕಾಯುವವರು, ಹೊಲದಲ್ಲಿ ಇರುವವರು ಮೋಡ ತಲೆ ಮೇಲೆ ಬರುವವರೆಗೆ ಕಾಯಬಾರದು.

ಇಲ್ಲಿ ಹೊರಡುವ ಗುರುತು ಕಿವಿಗೆ ಸಿಗುತ್ತದೆ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡ್ ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೆ ಇದೆ, ಮುಂದಿನದು ನಿಮ್ಮ ಹೊಲಕ್ಕೇ ಬರಬಹುದು. ಮನೆಗೋ, ಬಸ್ಸಿಗೋ, ಗಾಜು ಏರಿಸಿದ ಕಾರಿಗೋ ಹೋಗಿ ಸೇರಿ. ತೆರೆದ ಟ್ರ್ಯಾಕ್ಟರ್ ಮೇಲೆ ಕೂರುವುದರಿಂದ ಉಪಯೋಗ ಇಲ್ಲ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವ ತನಕ ಹೊರಗೆ ಬರಬೇಡಿ. ಹೋಗಲು ಎಲ್ಲೂ ಜಾಗ ಇಲ್ಲದಿದ್ದರೆ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂತು ತಲೆ ಬಗ್ಗಿಸಿ. ನೆಲದ ಮೇಲೆ ಮಲಗಬೇಡಿ. ನಾಲ್ಕು ಜನ ಇದ್ದರೆ ಒಬ್ಬರಿಗೊಬ್ಬರು ದೂರ ಕೂರಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಮುಟ್ಟಲು ಹೆದರಿ ಎಷ್ಟೋ ಜನ ಬದುಕುವವರನ್ನು ಕಳೆದುಕೊಳ್ಳುತ್ತಾರೆ. ಉಸಿರಿಲ್ಲದಿದ್ದರೆ ಎದೆ ಒತ್ತಲು ಶುರು ಮಾಡಿ, 108ಕ್ಕೆ ಫೋನ್ ಮಾಡಿಸಿ. ಮೊಬೈಲ್‌ನಲ್ಲಿ 'ದಾಮಿನಿ', 'ಸಿಡಿಲು' ಎಂಬ ಆ್ಯಪ್‌ಗಳಿವೆ, ಸಿಡಿಲು ಹತ್ತಿರ ಬರುತ್ತಿದ್ದರೆ ತಿಳಿಸುತ್ತವೆ. ಕುರಿ ಕಾಯುವ ಹುಡುಗರ ಫೋನಿಗೆ ಹಾಕಿ ಕೊಡಿ. ನಮ್ಮ ಕಾಕಾ ಅದನ್ನು ನಂಬುವುದಿಲ್ಲ, ಅವರಿಗೆ ಎಣಿಸುವುದೇ ಸಾಕು. ಅದೂ ಸಾಕೇ.

ಇನ್ನು ಚೀಲದ ವಿಷಯ. ಇದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬೇಗ ಮುಗಿಸುತ್ತೇನೆ. ನೀರು ಕೂಡಿಡುವುದನ್ನು ಹುಬ್ಬಳ್ಳಿ, ಗದಗದವರಿಗೆ ಯಾರೂ ಕಲಿಸಬೇಕಾಗಿಲ್ಲ. ವಾರಕ್ಕೊಮ್ಮೆ ನಳ ಬರುವ ಓಣಿಯವರ ಮನೆಯ ಬ್ಯಾರಲ್‌ಗಳನ್ನು ನೋಡಿದರೆ ಗೊತ್ತಾಗುತ್ತದೆ. ಕುಡಿಯಲು ಮಾತ್ರ ತಲೆಗೆ ದಿನಕ್ಕೆ ಮೂರು ನಾಲ್ಕು ಲೀಟರ್, ಮೂರು ದಿನಕ್ಕೆ ಸಾಲುವಷ್ಟು, ಮುಚ್ಚಳ ಇರುವ ಕ್ಯಾನ್‌ನಲ್ಲಿ ಇರಲಿ. ಊಟಕ್ಕೆ ಡಬ್ಬಿ ಮೀನು ಯಾಕೆ? ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಚುರುಮುರಿ, ಬೆಲ್ಲ. ಬೆಂಕಿ ಬೇಡ, ಫ್ರಿಜ್ ಬೇಡ, ವಾರಗಟ್ಟಲೆ ಕೆಡುವುದಿಲ್ಲ. 2019ರ ನೆರೆಗೆ ಊರೂರಿನ ಹೆಣ್ಣುಮಕ್ಕಳು ಬಡಿದು ಕಳಿಸಿದ್ದೂ ಇದನ್ನೇ. ದಿನಾ ತಗೊಳ್ಳುವ ಬಿಪಿ, ಸಕ್ಕರೆ ಕಾಯಿಲೆ ಗುಳಿಗೆ ಒಂದು ವಾರದ್ದು ಬೇರೆ ಪಾಕೀಟಿನಲ್ಲಿರಲಿ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಹೊಲದ ಉತಾರ (ಪಹಣಿ) ಎರಡು ಪ್ಲಾಸ್ಟಿಕ್ ಚೀಲದೊಳಗೆ ಕಟ್ಟಿ ಅಟ್ಟದ ಮೇಲೆ ಇಡಿ, ಫೋಟೊ ತೆಗೆದು ಬೇರೆ ಊರಿನ ನೆಂಟರಿಗೂ ಕಳಿಸಿ.

ಇದರ ಜೊತೆ ಮನೆಯ ನಾಲ್ಕೂ ಗೋಡೆ, ಮಾಳಿಗೆ, ದನದ ಕೊಟ್ಟಿಗೆ, ದನದ ಕಿವಿಯ ಓಲೆ ನಂಬರಿನ ಫೋಟೊ ಈಗಲೇ ತೆಗೆದಿಡಿ. ಮನೆ ಬಿದ್ದರೆ ಸರ್ಕಾರ ಹಾನಿಯನ್ನು ಎ, ಬಿ, ಸಿ ಅಂತ ವಿಂಗಡಿಸಿ ಪರಿಹಾರ ಕೊಡುತ್ತದೆ. ಮೊದಲು ಹೇಗಿತ್ತು ಅನ್ನುವುದಕ್ಕೆ ಸಾಕ್ಷಿ ಇದ್ದರೆ ವಾದ ಕಡಿಮೆ. ಬೆಳೆ ವಿಮೆ ಇರುವವರು ಸ್ಥಳೀಯ ವಿಕೋಪದ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ನೆರೆ ಇಳಿದ ಮೇಲೆ ಮನೆ ಬಳಿಯುತ್ತಾ ಕೂತು ಇದನ್ನು ಮರೆಯುವವರೇ ಜಾಸ್ತಿ.

ಬೀಗದ ಕೈ ಯಾರ ಹತ್ತಿರ?

ಒಂದು ಮನೆ ಎಷ್ಟೇ ತಯಾರಾದರೂ ರಾತ್ರಿ ಹೊರಟು ಹೋಗಲು ಒಂದು ಗಟ್ಟಿ ಛಾವಣಿ ಬೇಕು. ನಮ್ಮೂರಲ್ಲಿ ಒಮ್ಮೆ ಹೀಗಾಯಿತು. ರಾತ್ರಿ ಹನ್ನೊಂದರ ಮಳೆಯಲ್ಲಿ ಎಂಟು ಮನೆಯವರು ಮಕ್ಕಳು ಮರಿ ಕಟ್ಟಿಕೊಂಡು ಶಾಲೆ ಮುಂದೆ ನಿಂತರು. ಬಾಗಿಲಿಗೆ ಬೀಗ. ಕೀಲಿ ಕೈ ಇದ್ದವರು ಪಟ್ಟಣದಲ್ಲಿ, ಅವರ ಫೋನ್ ಸ್ವಿಚ್ ಆಫ್. ಮುಕ್ಕಾಲು ತಾಸು ನೆನೆದ ಮೇಲೆ ಯಾರೋ ಬೀಗ ಒಡೆದರು. ಈಗ ಮೂರು ಕೀಲಿ ಇವೆ, ಮೂರೂ ಊರೊಳಗೇ ಇರುವ ಮೂರು ಮನೆಗಳಲ್ಲಿ. ಇಡೀ ಊರಿನ ತಯಾರಿಗೆ ಇದಕ್ಕಿಂತ ಅಗ್ಗದ ಕೆಲಸ ನನಗೆ ಗೊತ್ತಿಲ್ಲ.

ಎರಡನೆಯದು ಹೆಸರಿನ ಪಟ್ಟಿ. ಒಬ್ಬರೇ ಇರುವ ಮುದುಕಿ, ಹಾಸಿಗೆ ಹಿಡಿದವರು, ದಿನ ತುಂಬಿದ ಬಸುರಿ, ಬಾಣಂತಿ, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವವರು. ಅರ್ಧ ಪಟ್ಟಿ ಆಶಾ ಕಾರ್ಯಕರ್ತೆಯ, ಅಂಗನವಾಡಿ ಟೀಚರ್‌ಳ ಹತ್ತಿರ ಈಗಲೇ ಇದೆ. ಅದರಲ್ಲಿ ಪ್ರತಿ ಹೆಸರಿನ ಮುಂದೆ ಇನ್ನೊಂದು ಹೆಸರು ಬರೆದರೆ ಸಾಕು: ಮಳೆ ಬಂದ ರಾತ್ರಿ ಇವರ ಬಾಗಿಲು ಬಡಿಯುವುದು ಯಾರು? "ಎಲ್ಲರೂ ನೋಡಿಕೊಳ್ಳುತ್ತಾರೆ" ಅಂದರೆ ಯಾರೂ ನೋಡುವುದಿಲ್ಲ, ಅಲ್ವಾ?

ಮೂರನೆಯದು ದನ. ನೆರೆ ಬಂದಾಗ ಜನ ಮನೆ ಬಿಡಲು ಒಲ್ಲೆ ಅನ್ನುವುದು ಹಠಕ್ಕಲ್ಲ, ಎಮ್ಮೆಗೆ. ಕೊಟ್ಟಿಗೆಯಲ್ಲಿ ದನ ಬಿಟ್ಟು ಹೋದವರು ಅರ್ಧ ದಾರಿಯಿಂದ ತಿರುಗಿ ಬರುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ. 2009ರ ನಂತರ ಆಸರೆ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಹೊಸ ಮನೆ ಕಟ್ಟಿಕೊಟ್ಟರೂ ಎಷ್ಟೋ ಕುಟುಂಬಗಳು ಹಳೆಯ ಊರಲ್ಲೇ ಉಳಿದದ್ದಕ್ಕೆ ಹೊಲ, ದನ ದೂರವಾಗುವುದೂ ಒಂದು ಕಾರಣ. ಹಾಗಾಗಿ ಮೊದಲು ದನ ಹೋಗಲಿ, ಅದೂ ಹಗಲಲ್ಲೇ. ಎತ್ತರದ ಯಾವ ಹೊಲದಲ್ಲಿ ಕಟ್ಟಬೇಕು, ಮೇವು ಯಾರು ಕೊಡಬೇಕು ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ. ಹೊಡೆದುಕೊಂಡು ಹೋಗಲು ಸಮಯವೇ ಇಲ್ಲದಿದ್ದರೆ ಹಗ್ಗ ಬಿಚ್ಚಿ ಬಿಡಿ. ಬಿಟ್ಟ ದನ ಈಜುತ್ತದೆ, ಕಟ್ಟಿದ ದನ ಸಾಯುತ್ತದೆ.

ಸುದ್ದಿ ಮುಟ್ಟಿಸಲು ವಾಟ್ಸ್‌ಆ್ಯಪ್ ಗುಂಪು ಒಳ್ಳೆಯದೇ, ಆದರೆ ಕರೆಂಟ್ ಹೋಗಿ ಟವರ್ ಬಿದ್ದರೆ ಉಳಿಯುವುದು ಗುಡಿಯ, ಮಸೀದಿಯ ಮೈಕು. ಅದಕ್ಕೊಂದು ಬ್ಯಾಟರಿ ಇದೆಯಾ ನೋಡಿ. ಫೋನ್ ಹೋಗುತ್ತಿದ್ದರೆ ಯಾವುದೇ ತುರ್ತಿಗೆ 112, ಜಿಲ್ಲಾ ವಿಪತ್ತು ಕೇಂದ್ರಕ್ಕೆ 1077, ವಿದ್ಯುತ್ ತಂತಿ ಬಿದ್ದರೆ 1912, ಗ್ಯಾಸ್ ಸೋರಿದರೆ 1906. ಇವನ್ನು ಮೊಬೈಲ್‌ನಲ್ಲಿ ಮಾತ್ರ ಇಡದೆ ಬಾಗಿಲ ಹಿಂದೆ ಇದ್ದಿಲಿನಿಂದಾದರೂ ಬರೆಯಿರಿ. ಮಳೆಗಾಲದಲ್ಲಿ ಬಟ್ಟೆ ಒಣಹಾಕುವ ಕಬ್ಬಿಣದ ತಂತಿ ತೆಗೆದು ನೂಲಿನ ಹಗ್ಗ ಕಟ್ಟಿ. ಆ ತಂತಿಗೆ ಕರೆಂಟ್ ತಾಗಿ ತಾಯಿ, ಬಿಡಿಸಲು ಹೋದ ಮಗ ಇಬ್ಬರೂ ಸತ್ತ ಸುದ್ದಿ ನಾವು ಓದಿದವರೇ.

ಪೇಟೆಯವರು ಇದೆಲ್ಲ ಹಳ್ಳಿ ಮಾತು ಅಂದುಕೊಳ್ಳಬೇಕಿಲ್ಲ. ಉಣಕಲ್ ಕೆರೆಯಿಂದ ಹುಬ್ಬಳ್ಳಿಯೊಳಗೆ ಹರಿಯುವ ನಾಲಾದ ದಂಡೆಯವರಿಗೆ ಅದು ಬೆಣ್ಣಿಹಳ್ಳವೇ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅಲ್ಲಿ ಮಳೆಯೂ ಇರಲಿಲ್ಲ, ಮಣ್ಣಿನ ಗೋಡೆಯೂ ಇರಲಿಲ್ಲ. ದಿನಗಳ ನಂತರವೂ ಕೆಲವರು ಅವಶೇಷದೊಳಗಿಂದ ಜೀವಂತ ಬಂದರು. ಒಳಗೆ ಸಿಕ್ಕವರು ಕೂಗಿ ಕೂಗಿ ಸುಸ್ತಾಗುವ ಬದಲು ಪೈಪಿಗೆ ಕಲ್ಲಿನಿಂದ ಬಡಿಯಬೇಕು, ಹೊರಗಿನವರು ಆಗಾಗ ಎಲ್ಲಾ ಯಂತ್ರ ನಿಲ್ಲಿಸಿ ಸುಮ್ಮನೆ ಕಿವಿಗೊಡಬೇಕು. ಆ ಮೊಬೈಲ್ ಪಟ್ಟಿಯಲ್ಲಿದ್ದ ಸೀಟಿಗೆ ಇಲ್ಲಿ ಬೆಲೆ ಇದೆ. ಅದನ್ನು ನಾನೂ ತಂದಿದ್ದೇನೆ.

ನಮ್ಮ ಮನೆಯ ಹಿತ್ತಲ ಕೋಣೆಯ ಗೋಡೆಯಲ್ಲಿ ಈಗ ಮೂರು ಪೆನ್ಸಿಲ್ ಗೆರೆ ಇವೆ. ಮೂರನೆಯದನ್ನು ಹೋದ ಆಗಸ್ಟ್‌ನಲ್ಲಿ ಬಿರುಕು ಎರಡು ಬೆರಳು ದಾಟಿತು. ಅಂದೇ ಅವ್ವ ಹಾಸಿಗೆ ಸುತ್ತಿ ಪಡಸಾಲೆಗೆ ತಂದಳು, ಜೋಳದ ಚೀಲಗಳನ್ನು ಮಾತ್ರ ಅಲ್ಲೇ ಬಿಟ್ಟಳು. ಈ ಸಲ ಮಿರಗ (ಮೃಗಶಿರಾ) ಮಳೆಗೆ ಮೊದಲು ಆ ಕೋಣೆಯ ಮಾಳಿಗೆ ಮಣ್ಣು ಇಳಿಸಿ ತಗಡು ಹಾಕಿಸುವುದು ಅಂತ ಆಗಿದೆ. ತಗಡಿನ ಕೆಳಗೆ ಬೇಸಿಗೆಯಲ್ಲಿ ಯಾರು ಮಲಗಬೇಕು ಅನ್ನೋ ಜಗಳ ಇನ್ನೂ ಮುಗಿದಿಲ್ಲ.